ವೆಟ್‌ಸೂಟಿನ ಜಿಪ್ ಯಾವ ಕಡೆ

ನೀರಿಗೆ ಇಳಿಯುವವರಿಗೆ ಅದಕ್ಕೊಂದು ಬಟ್ಟೆ ಬೇರೆ ಬೇಕು ಎಂಬ ವಿಷಯದಲ್ಲಿ ನಾನು ಮೊದಲ ದಿನದಿಂದಲೂ ವಿರೋಧ ಪಕ್ಷದಲ್ಲಿದ್ದೆ. ನಾನು ರೊಳ್ಳದ ಕಡೆಯವಳು. ನಮ್ಮಲ್ಲಿ ನೀರು ಎಂದರೆ ಕೊಡದಲ್ಲೋ ಡ್ರಮ್ಮಿನಲ್ಲೋ ಇರುವ ವಸ್ತು. ಅದರೊಳಗೆ ಮನುಷ್ಯರು ಇಳಿಯುವುದು ವಾಡಿಕೆಯಲ್ಲ. ಸಾಲದ್ದಕ್ಕೆ ಮಡಕಶಿರಾದಲ್ಲಿ ಡಿಗ್ರಿ ಓದುವಾಗ ಚರ್ಚಾ ಸ್ಪರ್ಧೆಗಳಿಗೆ ಹೋಗಿ ಹೋಗಿ ಒಂದು ಚಟ ಬೇರೆ ಅಂಟಿದೆ. ಯಾರಾದರೂ ಒಂದು ಮಾತನ್ನು ಖಚಿತವಾಗಿ ಹೇಳಿದರೆ ಎದುರಿನ ಕುರ್ಚಿ ತಾನಾಗಿ ನನ್ನದಾಗುತ್ತದೆ.

ಆಗ ನಾನು ರಾಯದುರ್ಗದ ಒಂದು ಜೀನ್ಸ್ ಕಾರ್ಖಾನೆಯ ಸ್ಯಾಂಪಲ್ ರೂಮಿನಲ್ಲಿದ್ದೆ. ಆರ್ಡರ್ ಶುರುವಾಗುವ ಮುಂಚೆ ಒಂದು ಪ್ಯಾಂಟು ಹೊಲಿದು ನನ್ನ ಮೇಜಿನ ಮೇಲೆ ಇಡುತ್ತಿದ್ದರು. ಟೇಪು ಹಿಡಿದು ಸೊಂಟ, ತೊಡೆ, ಮಂಡಿ ಎಲ್ಲ ಅಳೆದು ಎಲ್ಲಿ ತಪ್ಪಿದೆ ಎಂದು ಹೇಳುವುದು ನನ್ನ ಕೆಲಸ. ತಪ್ಪು ಹುಡುಕಿದ್ದಕ್ಕೆ ಸಂಬಳ ಕೊಡುವ ಜಾಗ ಸಿಕ್ಕ ಮೇಲೆ ಊರು ಬಿಟ್ಟು ಬಂದದ್ದಕ್ಕೆ ನನಗೆ ಅಷ್ಟೇನೂ ಬೇಸರವಿರಲಿಲ್ಲ.

ಹೊಲಿಗೆ ಮಷೀನುಗಳ ಲೈನಿನಲ್ಲಿ ಪ್ಯಾಂಟಿಗೆ ಜಿಪ್ ಕೂರಿಸುವ ಒಬ್ಬ ಅಕ್ಕ ಇದ್ದಳು. ಕಣೇಕಲ್ಲಿನವಳು. ಅಲ್ಲಿನ ದೊಡ್ಡ ಕೆರೆಯಲ್ಲಿ ಚಿಕ್ಕಂದಿನಿಂದ ಈಜಿದವಳು. ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಜಿಪ್ ಅಕ್ಕ ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಊಟದ ಡಬ್ಬಿ ಹಿಡಿದುಕೊಂಡು ನನ್ನ ಮೇಜಿಗೆ ಬಂದಳು.

"ನೋಡವಾ, ನಿನಗ ಅಳತಿ ಗೊತ್ತೈತಿ, ಮಂದಿ ಕೂಡ ಜಗಳಾನೂ ಬರತೈತಿ. ನನಗ ಎರಡೂ ಬೇಕಾಗ್ಯಾವ."

"ಜಗಳ ಅಲ್ಲ ಕಣಕ್ಕ, ವಾದ."

"ಆತು, ವಾದ. ನನಗೊಂದು ವೆಟ್‌ಸೂಟ್ ಆರಿಸಿ ಕೊಡು, ಈಜೋವಾಗ ಚಳಿ ತಡಿಯೋ ರಬ್ಬರ್ ಅಂಗಿ."

ವಿಷಯ ಇಷ್ಟು. ಚಳಿಗಾಲದಲ್ಲಿ ಒಂದು ಜಲಾಶಯದಲ್ಲಿ ಆ ದಡದಿಂದ ಈ ದಡಕ್ಕೆ ಈಜುವ ಸ್ಪರ್ಧೆ ನಡೆಯುತ್ತದೆ. ಹಿಂದಿನ ವರ್ಷ ಅಕ್ಕ ಅದರಲ್ಲಿ ಇಳಿದಿದ್ದಳು. ಅರ್ಧ ದಾಟಿದ ಮೇಲೆ ಚಳಿ ಹಿಡಿದು ಕೈಕಾಲು ಮಾತು ಕೇಳದೆ, ಕಾವಲು ದೋಣಿಯವರು ಎತ್ತಿ ಹಾಕಿಕೊಂಡಿದ್ದರು. ದೋಣಿ ಹತ್ತಿದವರಿಗೆ ಇನ್ನೊಂದೇ ಅವಕಾಶ. ಎರಡನೇ ಸಲವೂ ಹತ್ತಿದರೆ ಮತ್ತೆ ಹೆಸರು ತೆಗೆದುಕೊಳ್ಳುವುದಿಲ್ಲ. ಹುಡುಗಿಯರ ವಸತಿ ಶಾಲೆಯೊಂದರ ಆಟದ ಮೇಡಂ ಆ ದಿನ ದಡದಲ್ಲಿದ್ದರಂತೆ. ಶಾಲೆಯಲ್ಲಿ ಈಜುಕೊಳ ಇದೆ, ಕಲಿಸುವ ಹೆಂಗಸು ಸಿಕ್ಕಿಲ್ಲ, ಮುಂದಿನ ವರ್ಷ ಇದನ್ನು ಪೂರ್ತಿ ಮುಗಿಸಿ ತೋರಿಸಿದರೆ ಆ ಕೆಲಸ ನಿನ್ನದು ಎಂದಿದ್ದರು. ಅಂದರೆ ಜಿಪ್ ಅಕ್ಕ ಇನ್ನು ಮುಂದೆಯೂ ಜಿಪ್ ಅಕ್ಕನಾಗಿಯೇ ಇರುತ್ತಾಳೋ ಇಲ್ಲವೋ ಎಂಬುದು ಆ ನೀರಿನ ಚಳಿಯ ಮೇಲೆ ನಿಂತಿತ್ತು.

ಇಷ್ಟು ಕೇಳಿದ ಮೇಲೆ ಒಪ್ಪಿಕೊಳ್ಳಬೇಕಿತ್ತು. ಆದರೆ ಮೊದಲು ಹೆಸರಿನ ವಿಚಾರಣೆ ಆಗಲಿ ಎಂದೆ.

"ವೆಟ್ ಅಂದ್ರೆ ಒದ್ದೆ. ಒಳಗೆ ನೀರು ಬತ್ತೈತೆ ಅಂತ ಅವ್ರೇ ಹೆಸ್ರಲ್ಲಿ ಒಪ್ಕಂಡವ್ರೆ. ನೀರು ಬರೋದಾದ್ರೆ ಅದನ್ನ ಹಾಕ್ಕಳೋದು ಯಾಕಕ್ಕ?"

ಪಕ್ಕದ ಮೇಜಿನಲ್ಲಿ ಪೇಪರ್ ಪ್ಯಾಟರ್ನ್ ಕತ್ತರಿಸುತ್ತಿದ್ದ ಕಟಿಂಗ್ ಮಾಸ್ಟರ್ ತಲೆ ಎತ್ತಿದರು. ರಾಯದುರ್ಗದವರೇ, ವಯಸ್ಸಾದವರು, ನನ್ನ ಜೊತೆ ವಾದಕ್ಕೆ ಇಳಿಯುವುದು ಅವರಿಗೆ ಎಲೆ ಅಡಿಕೆ ಹಾಕಿಕೊಂಡಷ್ಟು ಸಲೀಸು.

"ರೇನ್‌ಕೋಟ್ ಹಾಕ್ಕೊಂಡು ಹೋದ್ರೂ ತೊಯ್ಸಿಕೊಂಡು ಬರ್ತೀವಲ್ಲವಾ. ಅದಕ ಯಾರರ ಒದ್ದಿಕೋಟ್ ಅಂತಾರನು? ಇವರು ಹೆಸರಿಡೋವಾಗ ಸುಳ್ಳು ಹೇಳಿಲ್ಲ, ಅಷ್ಟ."

ಆ ಅಂಕ ಮಾಸ್ಟರಿಗೆ ಹೋಯಿತು. ಸಂಜೆ ಫೋನಿನಲ್ಲಿ ಓದಿದೆ. ಸಣ್ಣ ಸಣ್ಣ ಗುಳ್ಳೆಗಳಿರುವ ಸ್ಪಂಜಿನಂಥ ರಬ್ಬರು. ಚರ್ಮಕ್ಕೂ ರಬ್ಬರಿಗೂ ನಡುವೆ ತೆಳ್ಳಗೆ ಒಂದು ಪದರ ನೀರು ಸೇರಿಕೊಳ್ಳುತ್ತದೆ, ಮೈಯ ಕಾವಿಗೆ ಅದು ಬೆಚ್ಚಗಾಗುತ್ತದೆ, ಅಲ್ಲೇ ನಿಂತರೆ ಚಳಿ ತಡೆಯುತ್ತದೆ. 'ಅಲ್ಲೇ ನಿಂತರೆ' ಎಂಬ ಮಾತನ್ನೂ ಓದಿದ್ದೆ. ಅದರ ಮೇಲೆ ಬೆರಳಿಟ್ಟು ಯೋಚಿಸಲಿಲ್ಲ.

ಹೊಸ ಸೂಟಿನ ಮಾತನ್ನು ನಮ್ಮಿಬ್ಬರಲ್ಲಿ ಯಾರೂ ಎತ್ತಲಿಲ್ಲ. ಹೊರದೇಶದ ಹಳೇ ಬಟ್ಟೆಯ ಮೂಟೆ ಬಿಚ್ಚಿ ಮಾರುವ ವ್ಯಾಪಾರಿಯೊಬ್ಬರು ನಮ್ಮ ಕಾರ್ಖಾನೆಯ ಹಿಂದಿನ ಓಣಿಯಲ್ಲಿದ್ದರು. ಅಂಗಡಿಯ ಮೂಲೆಯಲ್ಲಿ ಕಪ್ಪಗೆ ನೇತಾಡುತ್ತಿದ್ದ ಮೂರು ಸೂಟುಗಳನ್ನು ಅಕ್ಕ ಎಂದೋ ನೋಡಿಟ್ಟಿದ್ದಳು.

"ಬಾವಿ ಹೂಳು ತೆಗೆಯೋರ ಡ್ರೆಸ್ ಅನ್ಕೊಂಡಿದ್ನಮ್ಮಾ," ಎಂದರು ವ್ಯಾಪಾರಿ, ತೆಲುಗು ಬೆರೆಸಿದ ತಮ್ಮ ಕನ್ನಡದಲ್ಲಿ. "ಮೂರೂ ತಗೊಂಡೋಗಿ ನೋಡು. ಸರಿಪೋಯಿಂದು ಇಟ್ಕೋ, ಉಳಿದವು ವಾಪಸ್ ತಾ. ಎವರೂ ಕೇಳಲ್ಲ ಇದನ್ನ."

ಮಾರನೆಯ ದಿನ ಊಟದ ಹೊತ್ತಿನಲ್ಲಿ ಮೂರನ್ನೂ ನನ್ನ ಮೇಜಿನ ಮೇಲೆ ಮಲಗಿಸಿದೆವು. ಸ್ಯಾಂಪಲ್ ಪ್ಯಾಂಟಿಗೆ ಮಾಡುವ ಪರೀಕ್ಷೆಯನ್ನೇ ಇವಕ್ಕೂ ಮಾಡಿದೆ. ಮೊದಲು ದಪ್ಪ. ಸ್ಪರ್ಧೆಯ ನಿಯಮದ ಪ್ರಕಾರ ರಬ್ಬರು ಐದು ಮಿಲಿಮೀಟರ್ ಮೀರಬಾರದು. ಮಷೀನ್ ಮೆಕ್ಯಾನಿಕ್ ಹತ್ತಿರ ವರ್ನಿಯರ್ ಇಸಕೊಂಡು ಹಿಡಿದು ನೋಡಿದರೆ ಮೊದಲನೇ ಸೂಟು ಏಳು. ಆಳಕ್ಕೆ ಮುಳುಗಿ ಕೆಲಸ ಮಾಡುವವರದ್ದು ಇರಬೇಕು. ತೋಳು ಮಡಚಲು ಹೋದರೆ ಲಾರಿ ಟೈರು ಮಡಚಿದ ಹಾಗೆ. ಅದನ್ನು ಪಕ್ಕಕ್ಕೆ ಇಟ್ಟೆವು.

ಎರಡನೆಯದು ಒಳಗೂ ಹೊರಗೂ ಬಟ್ಟೆ ಅಂಟಿಸಿದ್ದು, ಮೆತ್ತಗೆ, ಸ್ವಲ್ಪ ದೊಡ್ಡದು. ಮೂರನೆಯದಕ್ಕೆ ಹೊರಗೆ ಬಟ್ಟೆಯೇ ಇಲ್ಲ. ನುಣ್ಣಗೆ, ಬದನೆಕಾಯಿ ಸಿಪ್ಪೆಯ ಹಾಗೆ ಮಿಂಚುವ ರಬ್ಬರು. ಎದೆಯ ಹತ್ತಿರ ದಪ್ಪ, ಭುಜದ ಹತ್ತಿರ ತೀರಾ ತೆಳು. ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದೆ. ತುಂಡುಗಳನ್ನು ಮೊದಲು ಅಂಟಿಸಿ, ಆಮೇಲೆ ಹೊಲಿದಿದ್ದಾರೆ; ಸೂಜಿ ರಬ್ಬರಿನ ಅರ್ಧದವರೆಗೆ ಮಾತ್ರ ಹೋಗಿ ತಿರುಗಿಕೊಂಡಿದೆ, ಇನ್ನೊಂದು ಬದಿಗೆ ಹೊರಬಿದ್ದೇ ಇಲ್ಲ. ತೋಳಿನ ಬಾಯಿ ಕಟ್ಟಿ ಒಳಗೆ ನೀರು ಸುರಿದು ತೂಗುಹಾಕಿದೆವು. ಎರಡನೆಯದು ಹೊಲಿಗೆಯುದ್ದಕ್ಕೂ ಬೆವರಿತು. ಮೂರನೆಯದರಲ್ಲಿ ಒಂದು ಹನಿ ಹೊರಗೆ ಬರಲಿಲ್ಲ.

ಇಲ್ಲಿಗೇ ತೀರ್ಪು ಕೊಟ್ಟಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಮೈಮೇಲೆ ಹಾಕಿ ನೋಡದೆ ಯಾವ ಸ್ಯಾಂಪಲ್ಲನ್ನೂ ಪಾಸು ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಸ್ಯಾಂಪಲ್ ರೂಮಿಗೆ ಪರದೆ ಎಳೆದು ಮಾಸ್ಟರನ್ನು ಹೊರಗೆ ಕಳಿಸಿದೆವು. ಅವರು ಪರದೆಯ ಆ ಕಡೆ ಸ್ಟೂಲು ಹಾಕಿಕೊಂಡು ಕೂತು ಸಲಹೆ ಕೊಡುತ್ತಲೇ ಇದ್ದರು. ರಬ್ಬರು ಕಾಲಿಗೆ ಅಂಟಿಕೊಂಡು ಮೇಲೆ ಬರುತ್ತಿಲ್ಲ ಎಂದಾಗ, ಪ್ಯಾಕಿಂಗಿನ ಪಾಲಿಬ್ಯಾಗ್ ಪಾದಕ್ಕೆ ಹಾಕಿಕೊಂಡು ತೂರಿಸಿರಿ ಎಂದವರು ಅವರೇ. ಅದು ಚೆನ್ನಾಗಿ ನಡೆಯಿತು.

ಆಮೇಲೆ ಜಿಪ್ಪಿನ ಪ್ರಶ್ನೆ ಬಂತು. ಜಿಪ್ ಇರುವುದು ಮುಂದಕ್ಕೋ ಹಿಂದಕ್ಕೋ?

"ಹಿಂದಿನ ವರ್ಷ ಅಲ್ಲಿ ಬೇರೆಯವ್ರು ಹಾಕ್ಕಂಡಿದ್ರಲ್ಲ, ನೋಡ್ಲಿಲ್ವಾ?" ಎಂದು ಅಕ್ಕನನ್ನು ಕೇಳಿದೆ.

"ಹಲ್ಲು ಕಟಕಟ ಅನ್ನಾಕತ್ತಿದ್ವು. ಮಂದಿ ಜಿಪ್ ನೋಡ್ಕೊಂತ ಕುಂದ್ರಲೇನು?"

ಫೋನಿನಲ್ಲಿ ನೋಡಿದ ವಿಡಿಯೋದಲ್ಲಿ, ಆಳಕ್ಕೆ ಮುಳುಗಿ ಕೆಲಸ ಮಾಡುವವನೊಬ್ಬನ ಸೂಟಿಗೆ ಜಿಪ್ ಎದೆಯ ಮೇಲಿತ್ತು. ಅದು ಬೇರೆ ಜಾತಿಯ ಸೂಟು ಎಂಬುದು ನಮಗೆ ಗೊತ್ತಿರಲಿಲ್ಲ. ನಾನು ವಾದವನ್ನು ಕ್ರಮವಾಗಿ ಕಟ್ಟಿದೆ. ತನ್ನ ಬೆನ್ನಿನ ಜಿಪ್ಪನ್ನು ತಾನೇ ಎಳೆದುಕೊಳ್ಳುವುದು ಯಾರಿಂದಲೂ ಆಗುವುದಿಲ್ಲ. ತಾನೇ ಹಾಕಿಕೊಳ್ಳಲಾಗದ ಬಟ್ಟೆಯನ್ನು ಈಜುಗಾರರಿಗೆ ಯಾರೂ ಹೊಲಿಯುವುದಿಲ್ಲ. ಆದ್ದರಿಂದ ಜಿಪ್ ಮುಂದೆ.

"ಮತ್ತ ಈ ಉದ್ದನ ಪಟ್ಟಿ ಯಾಕೈತಿ?" ಅಕ್ಕ ಜಿಪ್ಪಿನ ಹಿಡಿಗೆ ಜೋತುಬಿದ್ದಿದ್ದ, ಮೊಳಕ್ಕಿಂತ ಉದ್ದದ ಪಟ್ಟಿಯನ್ನು ಎತ್ತಿ ತೋರಿಸಿದಳು.

"ಲಾಡಿ ಕಣಕ್ಕ. ಸೊಂಟಕ್ಕೆ ಸುತ್ತಿ ಕಟ್ಟಕೆ."

"ಏ, ಜಿಪ್ ಎಲ್ಲೈತಿ?" ಪರದೆಯ ಆಚೆಯಿಂದ ಮಾಸ್ಟರ್.

"ಮುಂದೆ ಮಾಸ್ಟ್ರೇ."

"ಸರಿ ಐತಿ. ಜಿಪ್ ಅಂದ ಮ್ಯಾಲ ಮುಂದ ಇರಬೇಕು."

ಅಕ್ಕನೂ ತಲೆಯಾಡಿಸಿದಳು. ಮದುವೆಗೆ ಮುಂಚಿನಿಂದ ಜಿಪ್ ಕೂರಿಸುತ್ತಾ ಬಂದವಳು. ಅವಳ ಕೈಯಿಂದ ಹೋದ ಒಂದು ಜಿಪ್ಪೂ ಇಲ್ಲಿಯವರೆಗೆ ಹಿಂದಕ್ಕೆ ಕೂತಿರಲಿಲ್ಲ. ಇಡೀ ರಾಯದುರ್ಗವನ್ನೇ ಕೇಳಿದ್ದರೂ ಅಂದು ಬೇರೆ ಉತ್ತರ ಸಿಗುತ್ತಿರಲಿಲ್ಲ.

ಮೂರನೇ ಸೂಟು ಹಾಕಿ ಜಿಪ್ ಎಳೆದೊಡನೆ ಅಕ್ಕನ ಮುಖ ಕೆಂಪಾಯಿತು. ಎದೆ ಬಿಗಿ, ಕೊರಳು ಇನ್ನೂ ಬಿಗಿ, ಕೈ ಎತ್ತಿದರೆ ಗಂಟಲು ಒತ್ತುತ್ತದೆ. ಎರಡನೆಯದು ಹಾಕಿದರೆ ಆರಾಮ. ಹೊಟ್ಟೆಯ ಹತ್ತಿರ ಒಂದು ಹಿಡಿ ಸಡಿಲ.

ನಾನು ಎರಡನೆಯದಕ್ಕೆ ವಾದಿಸಿದೆ. ಒಗೆತಕ್ಕೆ ಕುಗ್ಗುವಷ್ಟು ಬಿಟ್ಟುಕೊಂಡೇ ಪ್ಯಾಂಟು ಕತ್ತರಿಸುವ ಊರು ನಮ್ಮದು. ವಾಷಿಂಗಿಗೆ ಹೋಗಿ ಬಂದ ಮೇಲೆ ಅಳತೆ ಸರಿ ಬರುವುದೇ ಸರಿಯಾದ ಅಳತೆ. ಇದೂ ಎರಡು ಮೂರು ಸಲ ನೀರು ಕಂಡರೆ ಮೈಗೆ ಕೂತುಕೊಳ್ಳುತ್ತದೆ ಎಂದೆ. ಮಾಸ್ಟರ್ ಪರದೆಯ ಆಚೆಯಿಂದಲೇ ಅನುಮೋದಿಸಿದರು. ಸೋರುವುದರ ಬಗ್ಗೆ ಏನು ಎಂದು ಅಕ್ಕ ಕೇಳಿದಳು. ಹೆಸರೇ ಒದ್ದೆ ಸೂಟು, ಸ್ವಲ್ಪ ಸೋರಲಿ ಬಿಡು ಎಂದೆ. ಮೊನ್ನೆ ಮೊನ್ನೆ ಯಾವ ಹೆಸರನ್ನು ಆಕ್ಷೇಪಿಸಿದ್ದೆನೋ ಅದನ್ನೇ ಸಾಕ್ಷಿಗೆ ಕರೆದಿದ್ದೆ. ಗಮನಿಸಿದವರು ಯಾರೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಕಣೇಕಲ್ಲಿಗೆ ಹೋದೆವು. ಯಾವುದಕ್ಕೂ ಇರಲಿ ಎಂದು ಮೂರನೆಯದನ್ನೂ ಚೀಲದಲ್ಲಿ ಹಾಕಿಕೊಂಡಿದ್ದೆವು. ಅಕ್ಕನ ಸೋದರಮಾವ ಆ ಕೆರೆಯಲ್ಲಿ ಪುಟ್ಟಿ ಹಾಕಿಕೊಂಡು ಮೀನು ಹಿಡಿಯುವವರು. ಪುಟ್ಟಿ ಎಂದರೆ ಬಿದಿರಿನ ದುಂಡನೆಯ ದೋಣಿ. ಅಕ್ಕ ಈಜುವಾಗ ಅದರಲ್ಲಿ ಪಕ್ಕಪಕ್ಕಕ್ಕೆ ಬರುವುದಾಗಿ ಒಪ್ಪಿದ್ದರು.

"ಬರ್ರಿ ಟೇಪಿನವರ," ಎಂದು ನನ್ನನ್ನು ಕರೆದರು. "ನೀವೂ ಪುಟ್ಟಿ ಹತ್ರಿ."

"ಬ್ಯಾಡ ಮಾವಯ್ಯ. ನಾನು ದಡದ ಪಕ್ಷ."

ಅಕ್ಕ ಎರಡನೇ ಸೂಟು ಹಾಕಿ ಇಳಿದಳು. ಸೊಂಟದ ಆಳಕ್ಕೆ ಹೋಗುವಷ್ಟರಲ್ಲಿ ಕಾಲಿನ ಬಾಯಿಯಿಂದ ನೀರು ನುಗ್ಗಿತು. ನಾಲ್ಕು ಸಲ ಕೈ ಬೀಸುವಷ್ಟರಲ್ಲಿ ಕೊರಳಿನಿಂದಲೂ ನುಗ್ಗಿತು. ಸೂಟು ಉಬ್ಬಿ ಉಬ್ಬಿ, ಹೊಟ್ಟೆಯ ಹತ್ತಿರ ಇನ್ನೊಬ್ಬರು ಸೇರಿಕೊಂಡ ಹಾಗೆ ಕಾಣುತ್ತಿತ್ತು. ಕೈ ಬೀಸಿದಾಗಲೆಲ್ಲ ಒಳಗೆ ಬೆಚ್ಚಗಾದ ನೀರು ಹೊರಗೆ, ಹೊರಗಿನ ತಣ್ಣೀರು ಒಳಗೆ.

"ಏನವಾ, ಕೆರಿ ನೀರೆಲ್ಲ ರಾಯದುರ್ಗಕ್ಕ ಒಯ್ತೀಯೇನು?" ಎಂದರು ಮಾವ ಪುಟ್ಟಿಯಿಂದ. "ಹೊಲದವರಿಗೆ ಸ್ವಲ್ಪ ಬಿಡು."

ಅವಳು ದಡಕ್ಕೆ ಬಂದು ನಿಂತಾಗ ಎರಡೂ ಕಾಲಿನಿಂದ ನೀರು ತೂಬು ತೆಗೆದ ಹಾಗೆ ಸುರಿಯಿತು. ರಬ್ಬರು ಕುಗ್ಗುವುದಿಲ್ಲ. ಓದಿಯೂ ಬಿಟ್ಟಿದ್ದ ಆ ಎರಡು ಪದಗಳು ಆಗ ನೆನಪಾದವು: 'ಅಲ್ಲೇ ನಿಂತರೆ.' ಸಡಿಲವಾದ ಸೂಟಿನಲ್ಲಿ ನೀರು ನಿಲ್ಲುವುದಿಲ್ಲ; ಕುಗ್ಗಲಿ ಎಂದು ಜಾಗ ಬಿಟ್ಟರೆ ಆ ಜಾಗದಲ್ಲಿ ಚಳಿ ಬಂದು ಕೂರುತ್ತದೆ.

ಉಳಿದದ್ದು ಮೂರನೆಯದು. ಪಂಪ್‌ಸೆಟ್ಟಿನ ಕೋಣೆಯಲ್ಲಿ ಪಾಲಿಬ್ಯಾಗ್ ಕಟ್ಟಿಕೊಂಡು ಅದನ್ನು ತೂರಿಸಿದೆವು, ಜಿಪ್ ಮುಂದೆಯೇ. ಅಕ್ಕ ಇಳಿದಳು, ಸ್ವಲ್ಪ ದೂರ ಹೋಗುವಷ್ಟರಲ್ಲಿ ತಿರುಗಿ ಬಂದಳು. ಕೊರಳು ಹಿಸುಕುತ್ತಿದೆ, ಭುಜ ಎತ್ತಲು ಬಿಡುತ್ತಿಲ್ಲ, ಮಂಡಿಯ ಹಿಂದೆ ರಬ್ಬರು ಮಡಚಿಕೊಂಡು ಕಚ್ಚುತ್ತಿದೆ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು.

"ಸಾಕು ಬಿಡವಾ. ಸುಮ್ನ ಹಂಗ ಇಳೀತೀನಿ. ಆದ್ರ ಆತು, ಇಲ್ಲಂದ್ರ ಮಷಿನ್ ಐತೆಲ್ಲ."

ಇದು ನಾನು ಮೊದಲ ದಿನ ಹೇಳಿದ ಮಾತೇ. ನೀರಿಗೆ ಇಳಿಯುವವರಿಗೆ ಸೂಟು ಬೇಡ. ಎದುರು ಪಕ್ಷ ಮೈದಾನ ಬಿಟ್ಟು ಹೋಗಿ ನಾನು ಗೆದ್ದಿದ್ದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು. ಗೆದ್ದು ಇಷ್ಟು ಕೆಟ್ಟದಾಗಿ ಅನಿಸಿದ್ದು ಅದೇ ಮೊದಲು.

ಸಂಜೆ ಅಮ್ಮನಿಗೆ ಫೋನು ಮಾಡಿದಾಗ ವಿಷಯ ಹೇಳಿದೆ.

"ಅದ್ಯಾಕಮ್ಮಿ ರಬ್ಬರ್ ಅಂಗಿ ಹಾಕ್ಕಂಡು ಕೆರೆಗೆ ಬೀಳ್ತಾಳೆ? ಮನೇಲಿ ಬಿಸಿನೀರು ಕಾಯ್ಸಲ್ವಾ?"

"ಸ್ನಾನ ಅಲ್ಲ ಕಣಮ್ಮ, ಸ್ಪರ್ಧೆ."

"ನಿಂಗೆ ಹೇಳಿದ್ದಲ್ಲ, ಅವ್ಳಿಗೆ ಹೇಳು. ನೀನಂತೂ ದಡದ ಮ್ಯಾಲೇ ಇರು."

ಸೋಮವಾರ ಸೂಟುಗಳನ್ನು ವ್ಯಾಪಾರಿಗೆ ವಾಪಸ್ ಕೊಡಬೇಕಿತ್ತು. ಮಡಚಿಡುವ ಮುಂಚೆ ಮೂರನೆಯದನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿದೆ. ಮೇಜಿನ ಮೇಲೆ ಬಟ್ಟೆ ಮಲಗಿದರೆ ನನ್ನ ಕೈ ಟೇಪಿಗೆ ಹೋಗುತ್ತದೆ. ಸೊಂಟ ಹಿಡಿದೆ, ತೊಡೆ ಹಿಡಿದೆ, ಆಮೇಲೆ ರೈಸ್ ಹಿಡಿದೆ. ರೈಸ್ ಎಂದರೆ ತೊಡೆಗಳು ಕೂಡುವ ಹೊಲಿಗೆಯಿಂದ ಸೊಂಟದವರೆಗಿನ ಅಳತೆ. ಹಿಂದಿನದು ಮುಂದಿನದಕ್ಕಿಂತ ಯಾವತ್ತೂ ಉದ್ದ ಇರುತ್ತದೆ. ಕೂರುವ ಭಾಗ ಹಿಂದೆ ಇರುವುದರಿಂದ ಹಾಗೆ ಇರಲೇಬೇಕು. ಇದು ತಪ್ಪಿದ ಪ್ಯಾಂಟನ್ನು ನಾನು ಕಣ್ಣು ಮುಚ್ಚಿ ವಾಪಸ್ ಕಳಿಸುತ್ತೇನೆ.

ಈ ಸೂಟಿನಲ್ಲಿ ಮುಂದಿನ ರೈಸು ಹಿಂದಿನದಕ್ಕಿಂತ ನಾಲ್ಕು ಬೆರಳು ಉದ್ದವಿತ್ತು.

ಮತ್ತೊಮ್ಮೆ ಅಳೆದೆ. ಅಷ್ಟೇ. ಹೊಲಿಗೆಯಲ್ಲಿ ಸೂಜಿಯನ್ನು ಅರ್ಧ ದಾರಿಯಿಂದ ತಿರುಗಿಸುವಷ್ಟು ನಿಗಾ ಇರುವವರು ರೈಸ್ ತಪ್ಪುತ್ತಾರೆಯೇ? ಅವರು ತಪ್ಪಿಲ್ಲ ಎಂದಾದರೆ ತಪ್ಪಿದವರು ಯಾರು? ಮಂಡಿಯ ಹತ್ತಿರ ನೋಡಿದೆ. ಮಡಚಲು ಅನುಕೂಲವಾಗಲಿ ಎಂದು ಸೇರಿಸಿದ ಬೇರೆ ತುಂಡು ನಾವು ಹಿಂದೆ ಎಂದುಕೊಂಡ ಕಡೆಗೆ ಇತ್ತು. ಮಂಡಿ ಹಿಂದಕ್ಕೆ ಇರುವ ಜನ ರಾಯದುರ್ಗದಲ್ಲಿ ಇಲ್ಲ. ಬೇರೆ ದೇಶದಲ್ಲೂ ಇರಲಾರರು.

ಚರ್ಚಾ ಸ್ಪರ್ಧೆಗಳಲ್ಲಿ ಒಂದು ಅಭ್ಯಾಸ ಮಾಡಿಸುತ್ತಿದ್ದರು. ನೀನು ಯಾವ ಪಕ್ಷವನ್ನು ನಂಬುತ್ತೀಯೋ ಅದರ ಎದುರು ಪಕ್ಷ ಹಿಡಿದು ಮಾತಾಡು ಎನ್ನುತ್ತಿದ್ದರು. ಊಟದ ಬೆಲ್ ಹೊಡೆದ ಕೂಡಲೇ ಲೈನಿನಿಂದ ಅಕ್ಕನನ್ನು ಎಳೆದುಕೊಂಡು ಬಂದೆ, ಸ್ಟೂಲಿನ ಮೇಲೆ ಕೂರಿಸಿದೆ, ನೀನು ತೀರ್ಪುಗಾರ್ತಿ ಎಂದೆ. ಮಾಸ್ಟರನ್ನು ನನ್ನ ಹಳೆಯ ಪಕ್ಷಕ್ಕೆ ನೇಮಿಸಿದೆ.

"ಈ ಸಭೆಯ ಅಭಿಪ್ರಾಯದಲ್ಲಿ," ಎಂದೆ, "ವೆಟ್‌ಸೂಟಿನ ಜಿಪ್ ಬೆನ್ನಿಗೆ ಇರಬೇಕು."

"ಛೇ, ಛೇ," ಎಂದರು ಮಾಸ್ಟರ್. "ಮೊನ್ನೆ ನೀನ ಹೇಳಿದ್ದಲ್ಲನವಾ? ಬೆನ್ನಿನ ಜಿಪ್ ತಾನ ಎಳಕೊಳ್ಳಾಕ ಯಾರಿಗಿ ಆಗತೈತಿ?"

"ಮೊನ್ನೆ ಹೇಳಿದ್ದು ನಾನಲ್ಲ, ನನ್ನ ಪಕ್ಷ. ಜೀನ್ಸಲ್ಲಿ ಯಾವ ರೈಸ್ ಉದ್ದ ಮಾಸ್ಟ್ರೇ?"

"ಹಿಂದಿಂದು. ಅದರಾಗೇನು ಚರ್ಚಾ?"

"ಇಲ್ಲಿ ಜಿಪ್ ಇರೋ ಕಡೆ ಉದ್ದ ಐತೆ. ನೀವೇ ಹಿಡೀರಿ."

ಅವರು ಟೇಪು ಹಿಡಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಹಿಡಿದರು. ಮಂಡಿಯ ತುಂಡನ್ನು ತೋರಿಸಿದೆ. ಕೊರಳನ್ನು ತೋರಿಸಿದೆ: ಎಲ್ಲ ಅಂಗಿಗಳಲ್ಲೂ ಮುಂದಿನ ಕೊರಳು ಇಳಿದಿರುತ್ತದೆ, ಇಲ್ಲಿ ಜಿಪ್ ಇಲ್ಲದ ಕಡೆ ಇಳಿದಿದೆ.

"ಎಲ್ಲಾ ಒಪ್ಪಿದೆ," ಎಂದರು ಮಾಸ್ಟರ್. ಸೋಲುವಾಗ ಅವರ ದನಿ ಇನ್ನೂ ಗಟ್ಟಿಯಾಗುತ್ತದೆ. "ಆದ್ರ ಮುಖ್ಯ ಪ್ರಶ್ನಿಗೆ ಉತ್ತರ ಕೊಡು. ಎಳಕೊಳ್ಳೋದು ಹೆಂಗ?"

ಸ್ಟೂಲಿನ ಮೇಲಿದ್ದ ತೀರ್ಪುಗಾರ್ತಿ ಎದ್ದು ಮೇಜಿನ ಹತ್ತಿರ ಬಂದಳು. ಸೂಟನ್ನು ತಿರುಗಿಸಿದಳು. ನಾನು ಲಾಡಿ ಎಂದಿದ್ದ ಪಟ್ಟಿಯನ್ನು ಕೈಗೆ ತೆಗೆದುಕೊಂಡು, ಭುಜದ ಮೇಲಿಂದ ತಂದು, ಸುಮ್ಮನೆ ಒಮ್ಮೆ ಮೇಲಕ್ಕೆ ಎಳೆದಳು. ಸೊಂಟದಿಂದ ಕೊರಳಿನವರೆಗೆ ಜಿಪ್ ಸರ್ರನೆ ಏರಿತು.

ಮಾಸ್ಟರ್ ಜಿಪ್ಪನ್ನು ಕೆಳಗಿಳಿಸಿ, ಪಟ್ಟಿ ಹಿಡಿದು ತಾವೂ ಒಮ್ಮೆ ಎಳೆದು ನೋಡಿದರು.

"ಲಾಡಿ," ಎಂದಳು ಅಕ್ಕ. ಆಮೇಲೆ ನಗು ಶುರುವಾಯಿತು. ಮಾಸ್ಟರ್ ನೆಲದ ಮೇಲೆಯೇ ಕೂತು ನಕ್ಕರು. ಏನಾಯಿತು ಎಂದು ಪಕ್ಕದ ಲೈನಿನವರು ಬಂದು ಇಣುಕಿದರು, ಯಾರಿಗೂ ಹೇಳಲಿಲ್ಲ. ಜೀನ್ಸ್ ಊರಿನ ಮಾನದ ಪ್ರಶ್ನೆ.

ಪರದೆ ಎಳೆದು ಅಕ್ಕ ಸೂಟನ್ನು ಸರಿಯಾಗಿ ಹಾಕಿಕೊಂಡಳು. ಕೊರಳಿನಲ್ಲಿ ಒಂದು ಬೆರಳು ಆಡುವಷ್ಟು ಜಾಗ. ಕೈ ಎತ್ತಿದಳು, ಬೀಸಿದಳು. ಬಿಗಿ ಇತ್ತು, ಆದರೆ ಹಿಸುಕುವ ಬಿಗಿಯಲ್ಲ. ಕನ್ನಡಿಯಲ್ಲಿ ನೋಡಿಕೊಂಡು, "ನಾನ ಹೊಲದಂಗೈತಿ," ಎಂದಳು. ಅದೇ ತೀರ್ಪು.

ಅದನ್ನು ತೆಗೆಯುವಾಗ ಒಂದು ಅನಾಹುತ ಆಯಿತು. ಅವಸರದಲ್ಲಿ ನನ್ನ ಉಗುರು ತಾಗಿ ತೊಡೆಯ ಮೇಲೆ ಆ ನುಣ್ಣನೆಯ ರಬ್ಬರು ಅರ್ಧಚಂದ್ರದ ಆಕಾರಕ್ಕೆ ಸೀಳಿತು. ಹೊಲಿಯುವವರ ಮಧ್ಯೆ ಕೂತು ಬಟ್ಟೆ ಹರಿದರೆ ಏನಾಗುತ್ತದೆ? ಇಬ್ಬರು ಸೂಜಿ ತಂದರು, ಒಬ್ಬಳು ದಾರ ಪೋಣಿಸಿಯೂ ಬಿಟ್ಟಿದ್ದಳು. ತಡೆದೆ. ಆ ರಬ್ಬರಿಗೆ ಚುಚ್ಚಿದ ಪ್ರತಿ ತೂತೂ ನೀರಿಗೆ ಒಂದು ಬಾಗಿಲು. ಅದಕ್ಕೇ ತಾನೆ ಹೊಲಿದವರು ಸೂಜಿಯನ್ನು ಅರ್ಧಕ್ಕೆ ತಿರುಗಿಸಿದ್ದು. ಸೈಕಲ್ ಪಂಕ್ಚರ್ ಅಂಗಡಿಗೆ ಹೋಗಿ ಸೊಲ್ಯೂಷನ್ ತಂದು, ಸೀಳಿನ ಎರಡೂ ಅಂಚಿಗೆ ತೆಳ್ಳಗೆ ಸವರಿ, ಆರಲು ಬಿಟ್ಟು, ಬೆರಳಿನಿಂದ ಒತ್ತಿ ಹಿಡಿದೆ. ಅಂಟಿತು. ಅಂದಿನಿಂದ ಪ್ಯಾಕಿಂಗಿನವರ ಹತ್ತಿಯ ಗ್ಲೌಸು ಹಾಕದೆ ಯಾರೂ ಅದನ್ನು ಮುಟ್ಟಬಾರದು ಎಂದು ನಿಯಮ ಮಾಡಿದೆ. ಮೊದಲು ಉಗುರು ಕತ್ತರಿಸಿಕೊಂಡವಳು ನಾನೇ.

ಮುಂದಿನ ಭಾನುವಾರಗಳು ಕಣೇಕಲ್ಲಿನಲ್ಲೇ ಕಳೆದವು. ಸೂಟು ಸರಿಯಾದರೂ ಮೊದಲ ದಿನ ಅಕ್ಕನಿಗೆ ಸಮಾಧಾನವಾಗಲಿಲ್ಲ. "ಕಾಲು ಮ್ಯಾಲ ಮ್ಯಾಲ ತೇಲಾಕತ್ತಾವ. ನನ್ನ ಮಾತು ಕೇಳವಲ್ವು," ಎಂದಳು. ರಬ್ಬರಿನ ಗುಳ್ಳೆಗಳು ಕಾಲನ್ನು ಎತ್ತುತ್ತಿದ್ದವು. ಹುಟ್ಟಿದಾಗಿನಿಂದ ಜೋರಾಗಿ ಕಾಲು ಬಡಿದ ಅಭ್ಯಾಸದವಳು ನೀರಿನ ಹೊರಗೆ ಗಾಳಿಯಲ್ಲಿ ಬಡಿಯುತ್ತಿದ್ದಳು. ಕಾಲು ಬಡಿಯುವುದನ್ನು ಕಮ್ಮಿ ಮಾಡಿ, ಆ ಶಕ್ತಿಯನ್ನು ಕೈಗೆ ಉಳಿಸಿಕೊಳ್ಳುವುದನ್ನು ನಿಧಾನಕ್ಕೆ ಕಲಿತಳು. ತಲೆ ತಿರುಗಿಸಿದಾಗ ಕೊರಳು ಉಜ್ಜುತ್ತಿತ್ತು. ಕೊಬ್ಬರಿ ಎಣ್ಣೆ ಸವರಿದರೆ ನಿಂತಿತು. ಕೊನೆಗೆ ಮಾವ ಪುಟ್ಟಿಯಿಂದ, "ಈಕಿ ನಿಲ್ಲವಲ್ಲಳಲ್ರೀ, ನನ್ನ ಕೈ ಸೋತುವು," ಎಂದು ದಡಕ್ಕೆ ಕೂಗಿ ಹೇಳುವ ದಿನವೂ ಬಂತು.

ಸ್ಪರ್ಧೆಯ ಬೆಳಿಗ್ಗೆ ಜಲಾಶಯದ ಮೇಲೆ ಹಬೆಯಂಥ ಮಂಜು. ಮಾಸ್ಟರ್ ಮಫ್ಲರ್ ಸುತ್ತಿಕೊಂಡು ಬಂದಿದ್ದರು. ಬೆರಳು ಅದ್ದಿ ನೋಡಿದೆ. ಆ ನೀರಿಗೆ ಇಳಿಯಬೇಕು ಎಂಬ ಪಕ್ಷದಲ್ಲಿ ನಾನು ಜನ್ಮದಲ್ಲಿ ಮಾತಾಡುವುದಿಲ್ಲ ಎಂದುಕೊಂಡೆ. ಅಕ್ಕ ಪಟ್ಟಿ ಹಿಡಿದು ತಾನೇ ಜಿಪ್ ಏರಿಸಿಕೊಂಡಳು. ಅಳತೆ ನೋಡಲು ಬಂದ ಅಧಿಕಾರಿ ಸೂಟಿನ ದಪ್ಪ ಪರೀಕ್ಷಿಸಿ ತಲೆಯಾಡಿಸಿದರು. ಎಲ್ಲರಿಗೂ ಒಂದೇ ಬಣ್ಣದ ಟೋಪಿ ಕೊಟ್ಟಿದ್ದರು. ಸೀಟಿ ಊದಿದ ಮೇಲೆ ಅಷ್ಟೂ ಟೋಪಿಗಳು ಮಂಜಿನೊಳಗೆ ಹೋದವು. ನಾವು ವ್ಯಾನಿನಲ್ಲಿ ಆಚೆ ದಡಕ್ಕೆ ಹೋಗಿ ಕಾಯುತ್ತಾ ನಿಂತೆವು.

ಕಾಯುವುದರ ಬಗ್ಗೆ ವಾದ ಮಾಡಲು ಏನೂ ಇಲ್ಲ. ಬಿಸಿಲು ಏರಿ ಮಂಜು ಹರಿಯಿತು. ಮೊದಲ ಟೋಪಿಗಳು ಬಂದವು, ಅವು ಬೇರೆಯವರವು. ನಡುವೆ ಎಲ್ಲೋ ಕಾವಲು ದೋಣಿ ಒಂದು ಟೋಪಿಯ ಕಡೆ ತಿರುಗಿ ನಿಂತುಬಿಟ್ಟಿತು. ಮಾಸ್ಟರ್ ನನ್ನ ಕೈ ಹಿಡಿದುಕೊಂಡರು. ಅಷ್ಟು ಹೊತ್ತು ನಾವಿಬ್ಬರೂ ವಾದವಿಲ್ಲದೆ ಪಕ್ಕಪಕ್ಕ ನಿಂತದ್ದು ಅದಕ್ಕೆ ಮುಂಚೆ ಇಲ್ಲ, ಆಮೇಲೂ ಇಲ್ಲ. ಬಹಳ ಹೊತ್ತಿನ ಮೇಲೆ ದೋಣಿ ಪಕ್ಕಕ್ಕೆ ಸರಿಯಿತು. ಟೋಪಿ ಮುಂದೆ ಬಂತು. ಕಾಲು ಬಡಿಯದೆ, ಕೈಯನ್ನು ಮಾತ್ರ ಉದ್ದಕ್ಕೆ ಬೀಸುತ್ತಾ, ಯಾರೋ ಬರುತ್ತಿದ್ದರು. ಹಾಗೆ ಈಜುವುದನ್ನು ಭಾನುವಾರಗಟ್ಟಲೆ ನೋಡಿದ್ದೆ.

ಕಲ್ಲುಗಳ ಮೇಲೆ ಅಕ್ಕ ಎದ್ದು ನಿಂತಾಗ ಡಾಕ್ಟರೊಬ್ಬರು ಓಡಿ ಬಂದು, ಹೆಸರು ಹೇಳಿ, ಬೆರಳು ಮಡಚಿ ತೋರಿಸಿ ಎಂದರು. ಅಕ್ಕ ಬೆರಳು ಮಡಚಿ, ಹೆಸರು, ತಂದೆಯ ಹೆಸರು, ಊರು, ಮಂಡಲ ಎಲ್ಲ ಹೇಳಿದಳು. ಸಾಕಮ್ಮಾ ಎಂದರು.

"ದೋಣಿ ಯಾಕಕ್ಕ ನಿಂತಿತ್ತು?" ಎಂದು ಕೇಳಿದೆ.

"ಚಳಿ ಬಂತವಾ. ಪಾದಕ್ಕ ಬಂತು, ಕೈಗೆ ಬಂತು, ಹೊಟ್ಟಿಗೆ ಬರಲಿಲ್ಲ. ಸ್ವಲ್ಪ ನಿಂತ್ಕೊಂಡೆ. ಹತ್ತತೀರೇನು ಅಂತ ದೋಣಿಯವ ಕೇಳಿದ. ಈಗ ಹತ್ತಿದ್ರ ಇದನ್ನ ಬಿಚ್ಚೋರ್ಯಾರು, ಗ್ಲೌಸು ದಡದಾಗ ಅದಾವ ಅಂದೆ. ಅವಗ ತಿಳೀಲಿಲ್ಲ."

ವಸತಿ ಶಾಲೆಯ ಮೇಡಂ ಕೊಟ್ಟ ಮಾತು ಮರೆತಿರಲಿಲ್ಲ. ಟವೆಲು ಹೊದಿಸುತ್ತಲೇ, ನಾಳೆಯಿಂದಲೇ ಬರುತ್ತೀರಾ ಎಂದು ಕೇಳಿದರು.

"ಒಂದು ಆರ್ಡರ್ ನಡದೈತ್ರಿ," ಎಂದಳು ಅಕ್ಕ. "ನಡುವ ಬಿಟ್ಟು ಬಂದ್ರ ಪಕ್ಕದ ಮಷಿನಾಕಿ ಮ್ಯಾಲ ಬೀಳತೈತಿ. ಲಾರಿ ಹತ್ತಿಸಿ ಬರ್ತೀನ್ರಿ."

ಮೇಡಂ ನನ್ನ ಮುಖ ನೋಡಿದರು. ನಾನು ಬಸ್ಸಿನಲ್ಲಿ ರಾಯದುರ್ಗದವರೆಗೂ ವಾದಿಸಿದೆ: ಸಿಕ್ಕ ಕೆಲಸಕ್ಕೆ ತಡ ಮಾಡಬಾರದು, ಮೇಡಂ ಮನಸ್ಸು ಬದಲಾಗಬಹುದು, ಆರ್ಡರ್ ಒಂದು ಹೋದರೆ ಇನ್ನೊಂದು ಬರುತ್ತದೆ. ಅಕ್ಕ ಎಲ್ಲದಕ್ಕೂ ಹೌದವಾ, ಹೌದವಾ ಎನ್ನುತ್ತಾ ಬುತ್ತಿಯ ರೊಟ್ಟಿಯನ್ನು ಒಂದೂ ಬಿಡದೆ ತಿಂದಳು.

ಲಾರಿ ಹೋದ ಮರುದಿನ ಅವಳು ಹೋದಳು. ಅವಳ ಮಷೀನಿನ ಮುಂದೆ ಈಗ ಅಮರಾಪುರದ ಕಡೆಯ ಹುಡುಗಿಯೊಬ್ಬಳು ಕೂತು ಜಿಪ್ ಕೂರಿಸುತ್ತಾಳೆ. ಶಾಲೆಗೆ ರಜೆ ಬಂದಾಗ ಅಕ್ಕ ಕಣೇಕಲ್ಲಿಗೆ ಬರುತ್ತಾಳಂತೆ. ಕಲಿಯುವವರಿದ್ದರೆ ಕಾರ್ಖಾನೆಯಿಂದ ಕರೆದುಕೊಂಡು ಬಾ ಎಂದು ನನಗೆ ಹೇಳಿ ಕಳಿಸಿದ್ದಾಳೆ. ಈ ಹುಡುಗಿಯನ್ನು ಕೇಳಿದೆ. ತನಗೆ ಈಜು ಬೇಡವಂತೆ, ನೀರು ಇರುವುದು ಕುಡಿಯುವುದಕ್ಕಂತೆ. ಮೊದಲು ನಿನಗೇ ಬರಲಿ, ಆಮೇಲೆ ನನಗೆ ಹೇಳು ಅಕ್ಕಾ ಎಂದಳು. ಅದು ಗಟ್ಟಿಯಾದ ವಾದ ಎಂದು ಒಪ್ಪುತ್ತೇನೆ. ಭಾನುವಾರ ಇಬ್ಬರೂ ಕಣೇಕಲ್ಲಿನ ಬಸ್ಸು ಹತ್ತುತ್ತಿದ್ದೇವೆ; ಮೊದಲು ನೀರಿಗೆ ಇಳಿಯುವವಳು ನಾನು.